2212 ಮೋಟರಿನ ಟ್ರೇನರ್‌ಗೆ ಯಾವ ಬ್ಯಾಟರಿ, ಯಾವ ಚಾರ್ಜರ್?

ಡೆಪ್ರಾನ್‌ರೆಕ್ಕೆ

ಸನ್‌ಪ್ಯಾಕ್ (ಪೊಳ್ಳು ಪ್ಲಾಸ್ಟಿಕ್) ಶೀಟಿನ ಬಾಡಿ, ಡೆಪ್ರಾನ್ (ಹಗುರ ಫೋಮ್) ರೆಕ್ಕೆ, 1.2 ಮೀಟರ್ ವಿಂಗ್‌ಸ್ಪ್ಯಾನ್‌ನ ಟ್ರೇನರ್, ಅಂದರೆ ಹಾರಿಸೋದು ಕಲಿಯೋಕೆ ಇರೋ ರಿಮೋಟ್ ಕಂಟ್ರೋಲ್ ವಿಮಾನ. ಬ್ಯಾಟರಿ ಬಿಟ್ಟು ತೂಕ 600 ಗ್ರಾಂ. 2212 ಮೋಟರ್ (1000 ಕೆವಿ, ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು), 30 ಆಂಪ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 9 ಗ್ರಾಂನ ನಾಲ್ಕು ಸರ್ವೋ (ರೆಕ್ಕೆ, ಬಾಲದ ಪಟ್ಟಿ ಅಲ್ಲಾಡಿಸೋ ಸಣ್ಣ ಮೋಟರ್), 10×4.5 ಪ್ರೊಪೆಲ್ಲರ್.

ಇಎಸ್‌ಸಿ 30 ಆಂಪ್ ಇರೋದರಿಂದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 40ಸಿ, ಅಂದರೆ ಸಾಮರ್ಥ್ಯದ 40 ಪಟ್ಟು ಕರೆಂಟು ಕೊಡೋದೇ, ಬೇಕೇ ಬೇಕಾ? 5200 ಎಂಎಎಚ್ ಹಾಕಿದರೆ ಅರ್ಧ ಗಂಟೆ ಹಾರುತ್ತಾ? ಚಾರ್ಜರ್ ಬಿ3 ಸಾಕಾ, ಐಮ್ಯಾಕ್ಸ್ ಬಿ6 ತಗೋಬೇಕಾ? ಬಿ6 ಆದರೆ ಹಳೇ ಲ್ಯಾಪ್‌ಟಾಪ್‌ನ 19.5 ವೋಲ್ಟ್ ಅಡಾಪ್ಟರ್ ನಡೆಯುತ್ತಾ?

ಬೆಸುಗೆಕಡ್ಡಿ

ಇಎಸ್‌ಸಿ ಮೇಲಿನ 30 ಅದು ತಡೆದುಕೊಳ್ಳೋ ಕರೆಂಟು, ಮೋಟರ್ ಎಳೆಯೋದಲ್ಲ. ಎಳೆಯೋದನ್ನ ತೀರ್ಮಾನಿಸೋದು ಕೆವಿ, ವೋಲ್ಟೇಜ್, ಪ್ರೊಪೆಲ್ಲರ್. ನಿಮ್ಮ ಸೆಟಪ್ 3ಎಸ್‌ನಲ್ಲಿ (ಸಾಲಾಗಿ ಜೋಡಿಸಿದ ಮೂರು ಸೆಲ್) ಫುಲ್ ಥ್ರಾಟಲ್‌ಗೆ ಹೆಚ್ಚುಕಮ್ಮಿ 15 ಆಂಪ್. 2200 ಎಂಎಎಚ್ ಪ್ಯಾಕಿಗೆ ಅದು 7ಸಿ ಕೂಡ ಆಗಲ್ಲ. 25ಸಿ ಲೇಬಲ್ ಪ್ರಕಾರ ಆ ಪ್ಯಾಕ್ 55 ಆಂಪ್ ಕೊಡಬೇಕು. ಲೇಬಲ್ ಮೇಲಿನ ಸಿ ಸಂಖ್ಯೆಯನ್ನ ಅರ್ಧ ಮಾಡಿಯೇ ನಂಬೋದು ಒಳ್ಳೇದು, ಆದರೂ 27 ಆಂಪ್ ಉಳೀತು. 40ಸಿಗೆ ಹೆಚ್ಚು ದುಡ್ಡು ಕೊಟ್ಟು ತೂಕ ಹೊರೋದು ಯಾಕೆ?

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಮೋಟರಿನ ಬಗ್ಗೆ. ಅಗ್ಗದ 2212ಗಳಿಗೆ ಗರಿಷ್ಠ 12 ಆಂಪ್, ಅದೂ 60 ಸೆಕೆಂಡ್ ಅಂತ ಬರೆದಿರುತ್ತೆ. 10 ಇಂಚಿನ ಪ್ರೊಪೆಲ್ಲರ್ ಹಾಕಿ ಫುಲ್‌ನಲ್ಲೇ ಹಿಡಿದುಕೊಂಡರೆ ವೈಂಡಿಂಗ್ ಸುಡುತ್ತೆ. 9×4.7ಗೆ ಇಳಿಯಿರಿ, ಇಲ್ಲಾ ಮೇಲೇರೋಕೆ ಮಾತ್ರ ಫುಲ್ ಕೊಟ್ಟು ಆಮೇಲೆ ಅರ್ಧಕ್ಕೆ ತನ್ನಿ. ವಾಟ್‌ಮೀಟರ್ ಎರವಲು ಸಿಕ್ಕರೆ ವಿಮಾನ ಗಟ್ಟಿಯಾಗಿ ಹಿಡಿಸಿ 10 ಸೆಕೆಂಡ್ ಫುಲ್ ಕೊಟ್ಟು ಅಳೆದುಬಿಡಿ, ಅಂದಾಜಿನ ಗೊಡವೆಯೇ ಬೇಡ.

ಹಾರಾಟದ ಸಮಯ: 2200ರಲ್ಲಿ ಬಳಸಬೇಕಾದ್ದು 80%, ಅಂದರೆ 1.76 ಆಂಪ್‌ಅವರ್. ಅರ್ಧ ಥ್ರಾಟಲ್‌ನಲ್ಲಿ ಸರಾಸರಿ 8 ಆಂಪ್ ಅಂದುಕೊಂಡರೆ 13 ನಿಮಿಷ. ಮೊದಮೊದಲು ಟೈಮರ್ 8ಕ್ಕೆ ಇಡಿ. ಇಳಿದ ಮೇಲೆ ಪ್ರತಿ ಸೆಲ್ 3.7 ವೋಲ್ಟ್‌ಗಿಂತ ಮೇಲಿದ್ದರೆ ಒಂದೊಂದೇ ನಿಮಿಷ ಏರಿಸುತ್ತಾ ಹೋಗಿ.

5200 ಬೇಡ. 3ಎಸ್ 5200 ಸುಮಾರು 380 ಗ್ರಾಂ, 2200 ಸುಮಾರು 180. ಒಟ್ಟು ತೂಕ 780ರಿಂದ 980ಕ್ಕೆ ಏರುತ್ತೆ, ಸ್ಟಾಲ್ ವೇಗ (ಅದಕ್ಕಿಂತ ನಿಧಾನ ಆದರೆ ವಿಮಾನ ಬೀಳುತ್ತೆ) ಶೇಕಡಾ 12 ಹೆಚ್ಚುತ್ತೆ. ಕಲಿಯೋ ಕೈಗೆ ಅಷ್ಟು ಸಾಕು, ಲ್ಯಾಂಡಿಂಗ್‌ನಲ್ಲಿ ಮೂಗು ಮುರಿಯೋಕೆ. 4ಎಸ್ ಕಡೆ ತಲೆಯೂ ಹಾಕಬೇಡಿ: ಮೋಟರ್ ಬೇಯುತ್ತೆ, ಜೊತೆಗೆ ಅಗ್ಗದ ಇಎಸ್‌ಸಿಯ ಲೀನಿಯರ್ ಬಿಇಸಿ (ರಿಸೀವರ್, ಸರ್ವೋಗೆ ಕರೆಂಟು ಕೊಡೋ ಭಾಗ) ಹೆಚ್ಚುವರಿ ವೋಲ್ಟನ್ನೆಲ್ಲ ಶಾಖವಾಗಿ ಕಳೀಬೇಕು. ಅದು ಕೈಕೊಟ್ಟರೆ ರಿಸೀವರ್, ಸರ್ವೋ ಎಲ್ಲಾ ಒಟ್ಟಿಗೆ ಸತ್ತಹಾಗೆ.

ಹಗುರಹಕ್ಕಿ

2200ಕ್ಕಿಂತ 1500 ವಾಸಿ ಅನ್ನೋದು ನನ್ನ ವಾದ. 15 ಆಂಪ್ ಅಂದರೆ 1500ಕ್ಕೆ 10ಸಿ. ಒಳ್ಳೇ 25ಸಿ ಪ್ಯಾಕಿಗೆ ಅದೇನು ಭಾರ ಅಲ್ಲ. 50 ಗ್ರಾಂ ಉಳಿಯುತ್ತೆ, 9 ನಿಮಿಷ ಹಾರಾಟ ಸಿಗುತ್ತೆ. ಹೊಸಬರ ಗಮನ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲೋದೂ ಇಲ್ಲ. ಒಂದು ದೊಡ್ಡದರ ಬದಲು ಎರಡು ಸಣ್ಣವು ತಗೊಳ್ಳಿ.

ಒಂದು ಷರತ್ತು: ಸಿಜಿ, ಅಂದರೆ ವಿಮಾನದ ತೂಕ ಸಮ ತೂಗೋ ಬಿಂದು. ಮೂಗು ಗಿಡ್ಡ ಇದ್ದರೆ 1500 ಹಾಕಿದಾಗ ಬಾಲ ಭಾರವಾಗುತ್ತೆ. ಆಗ ಮೂಗಿಗೆ ಸೀಸ ಅಂಟಿಸೋ ಬದಲು 2200ನೇ ಹಾಕಿ. ಬ್ಯಾಟರಿ ಜಾಗ ಅಂಟಿಸೋ ಮುಂಚೆ ಎರಡು ಅಳತೆಯ ಡಮ್ಮಿ ತೂಕ ಇಟ್ಟು ನೋಡಿ.

ಇಎಸ್‌ಸಿ ಕಟಾಫ್ (ವೋಲ್ಟೇಜ್ ಇಳಿದಾಗ ಮೋಟರ್ ನಿಲ್ಲಿಸೋದು) ನಂಬಿ ಹಾರಿಸಬೇಡಿ. ಅದು ನೋಡೋದು ಒಟ್ಟು ವೋಲ್ಟೇಜು. ಎರಡು ಸೆಲ್ 3.5ರಲ್ಲಿದ್ದು ಒಂದು 2.6ಕ್ಕೆ ಕುಸಿದಿದ್ದರೂ ಒಟ್ಟು 9.6, ಸರಾಸರಿ 3.2; ಅದರ ಪಾಲಿಗೆ ಎಲ್ಲ ಸರಿ. ಬ್ಯಾಲೆನ್ಸ್ ಲೀಡಿಗೆ (ಒಂದೊಂದು ಸೆಲ್ಲಿನಿಂದಲೂ ಬರೋ ಸಣ್ಣ ವೈರುಗಳ ಪ್ಲಗ್) ಹಾಕೋ ಅಲಾರ್ಮ್ ಒಂದೊಂದು ಸೆಲ್ಲನ್ನೂ ನೋಡುತ್ತೆ, 3.5ಕ್ಕೆ ಸೆಟ್ ಮಾಡಿ. ಗಾಳಿಗೆ ಎದುರಾಗಿ ದೂರ ಹೋದಾಗ ಅದರ ಕೂಗು ಕೇಳಲ್ಲ, ಹಾಗಾಗಿ ಟೈಮರ್ ಇರಲೇಬೇಕು.

ಬೆಸುಗೆಕಡ್ಡಿ

1500ರ ಮಾತು ಒಪ್ಪಿದೆ, ಸಿಜಿ ಕೂತರೆ. ಚಾರ್ಜರ್ ವಿಷಯಕ್ಕೆ ಬರೋಣ.

ಬಿ3 ಬ್ಯಾಲೆನ್ಸ್ ಲೀಡಿಂದಲೇ ಸುಮಾರು 0.8 ಆಂಪ್‌ನಲ್ಲಿ ತುಂಬುತ್ತೆ. 2200ಕ್ಕೆ ಎರಡೂವರೆ ಮೂರು ಗಂಟೆ. ನಿಧಾನ ಅನ್ನೋದು ದೊಡ್ಡ ದೋಷ ಅಲ್ಲ. ಸ್ಟೋರೇಜ್ ಮೋಡ್ (ಎತ್ತಿಡೋಕೆ ಅರ್ಧ ಚಾರ್ಜಿಗೆ ತರೋದು) ಇಲ್ಲ, ಎಷ್ಟು ವೋಲ್ಟ್ ಅಂತ ತೋರಿಸಲ್ಲ, ಬರೀ ದೀಪ. ಸೆಲ್ ಕೆಡ್ತಿರೋದು ಉಬ್ಬಿದ ಮೇಲೇ ಗೊತ್ತಾಗೋದು. ಬಿ6 ತಗೊಳ್ಳಿ.

ಮಾಮೂಲಿ ಬಿ6ಗೆ ಇನ್‌ಪುಟ್ 11ರಿಂದ 18 ವೋಲ್ಟ್. 19.5ರ ಲ್ಯಾಪ್‌ಟಾಪ್ ಅಡಾಪ್ಟರ್ ಆ ಮಿತಿ ದಾಟುತ್ತೆ, ಹಾಕಬೇಡಿ. 12 ವೋಲ್ಟ್ 5 ಆಂಪ್ ಅಡಾಪ್ಟರ್ ಸಾಕು: 2.2 ಆಂಪ್ × 12.6 ವೋಲ್ಟ್ ಅಂದರೆ 28 ವಾಟ್, ಅಡಾಪ್ಟರ್ ಕೊಡೋದು 60. ಮೈದಾನದಲ್ಲಿ ಕಾರಿನ ಬ್ಯಾಟರಿಯಿಂದಲೂ ನಡೆಸಬಹುದು.

ಕ್ರಮ ಹೀಗೆ. ಮೊದಲು ಚಾರ್ಜಿಂಗ್ ಲೀಡಿನ ಬನಾನಾ ಪಿನ್ ಚಾರ್ಜರ್‌ಗೆ, ಆಮೇಲೆ ಬ್ಯಾಟರಿಯ ಎಕ್ಸ್‌ಟಿ60 ಪ್ಲಗ್. ಉಲ್ಟಾ ಮಾಡಿದರೆ ತೆರೆದ ಬನಾನಾ ಪಿನ್ ಒಂದಕ್ಕೊಂದು ತಾಗಿ ಪ್ಯಾಕ್ ಶಾರ್ಟ್ ಆಗುತ್ತೆ. ನಂತರ ಬ್ಯಾಲೆನ್ಸ್ ಲೀಡ್. ಲಿಪೋ ಬ್ಯಾಲೆನ್ಸ್ ಮೋಡ್, 3ಎಸ್, ಕರೆಂಟು 1ಸಿ: 2200ಕ್ಕೆ 2.2 ಆಂಪ್, 1500ಕ್ಕೆ 1.5. ಸ್ಟಾರ್ಟ್ ಒತ್ತಿ ಹಿಡಿದಾಗ ಚಾರ್ಜರ್ ತಾನು ಕಂಡ ಸೆಲ್ ಸಂಖ್ಯೆಯನ್ನೂ ನೀವು ಕೊಟ್ಟದ್ದನ್ನೂ ತೋರಿಸುತ್ತೆ. ಎರಡೂ 3 ಇದ್ದರೆ ಮಾತ್ರ ಮುಂದಕ್ಕೆ. ಸುಮಾರು ಒಂದು ಗಂಟೆ, ಕೊನೆಯ ಬ್ಯಾಲೆನ್ಸಿಂಗ್‌ಗೆ ಇನ್ನೊಂದಿಷ್ಟು.

ಬಿ6 ನಕಲುಗಳು ಬೇಕಾದಷ್ಟಿವೆ. ಮೊದಲ ಚಾರ್ಜ್ ಮುಗಿದಾಗ ಮಲ್ಟಿಮೀಟರ್‌ನಲ್ಲಿ ಮೂರೂ ಸೆಲ್ ಅಳೆಯಿರಿ. 4.20 ಆಸುಪಾಸು ಇರಬೇಕು. 4.25 ತೋರಿಸಿದರೆ ಆ ಚಾರ್ಜರನ್ನ ವಾಪಸ್ ಕಳಿಸಿ.

ಮಲಪ್ರಭಾಗಾಳಿ

ಎಲ್ಲಾ ಛಲೋ ಹೇಳ್ಯಾರ. ಎರಡು ಮಾತು ಬಿಟ್ಟಾರ ನೋಡ್ರಿ.

ಒಂದು, ಪ್ಯಾಕಿಗೆ ಟಿ-ಪ್ಲಗ್ ಇದ್ದು ಎಕ್ಸ್‌ಟಿ60 ಬೆಸಗಿ ಹಾಕೂದಿದ್ರ ಎರಡೂ ವೈರ್ ಒಮ್ಮೆಲೇ ಕತ್ತರಸಬ್ಯಾಡ್ರಿ. ಕತ್ರಿನೇ ಶಾರ್ಟ್ ಮಾಡ್ತದ. ಒಂದು ವೈರ್ ಕತ್ತರಿಸಿ, ಹೊಸ ಪಿನ್ನಿಗೆ ಬೆಸಗಿ ಹಾಕಿ, ಹೀಟ್‌ಶ್ರಿಂಕ್ ಏರಿಸಿ, ಆಮ್ಯಾಲೆ ಇನ್ನೊಂದಕ್ಕ ಕೈ ಹಚ್ಚರಿ. 60 ವಾಟ್ ಐರನ್ ಬೇಕು. 25 ವಾಟಿನ್ದು ಅಷ್ಟು ದಪ್ಪ ವೈರ್ ಕಾಸೂದರಾಗ ಕನೆಕ್ಟರಿನ ಪ್ಲಾಸ್ಟಿಕ್ ಕರಗಿರ್ತದ. ಬೆಸಗಿ ಹಾಕುವಾಗ ಪಿನ್ ಓರೆ ಆಗಬಾರ್ದಂದ್ರ ಎದುರಿನ ಕನೆಕ್ಟರ್ ಚುಚ್ಚಿ ಇಡ್ರಿ.

ಎರಡು, ಇಡೂ ರೀತಿ. ಪೂರಾ ಚಾರ್ಜ್ ಮಾಡಿ ಮಳಿ ಬಂತಂತ ವಾರಗಟ್ಲೆ ಹಂಗ ಇಟ್ರ ಪ್ಯಾಕ್ ಉಬ್ಬತದ. ಎರಡು ದಿನದಾಗ ಹಾರಸೂದಿಲ್ಲ ಅಂದ್ರ ಸೆಲ್ಲಿಗೆ 3.8ಕ್ಕ ತರ್ರಿ. ಬಿ6ನ ಡಿಸ್ಚಾರ್ಜ್ ಬರೇ 5 ವಾಟು, ತುಂಬಿದ 2200 ಸ್ಟೋರೇಜಿಗೆ ಬರೂದಕ್ಕ ಹತ್ರಹತ್ರ ಮೂರು ತಾಸು. ಕಾರಿನ 12 ವೋಲ್ಟ್ 21 ವಾಟ್ ಬಲ್ಬ್ ಹಚ್ಚಿದ್ರ 40 ನಿಮಿಷ, ಆದ್ರ ಅಲಾರ್ಮ್ 3.8ಕ್ಕ ಇಟ್ಟು ಎದುರಿಗೇ ಕುಂದರಬೇಕು.

ಚಾರ್ಜ್ ಮಾಡೂದು ಟೈಲ್ಸ್ ನೆಲದ ಮ್ಯಾಲ, ಹಾಸಿಗಿ ಮ್ಯಾಲ ಅಲ್ಲ. ಬಕೆಟ್ ತುಂಬ ಒಣ ಉಸುಕು ಬಾಜೂಕ ಇರ್ಲಿ. ಹಾರಿಸಿ ಬಂದ ಬಿಸಿ ಪ್ಯಾಕ್ ಆರೂ ತನಕ ಚಾರ್ಜರಿಗೆ ಹಚ್ಚಬ್ಯಾಡ್ರಿ. ಬ್ಯಾಸಿಗ್ಯಾಗ ಬಾಗಿಲ ಹಾಕಿದ ಕಾರಿನಾಗ ಬಿಡೂದಂತೂ ಬ್ಯಾಡೇ ಬ್ಯಾಡ.

ಡೆಪ್ರಾನ್‌ರೆಕ್ಕೆ

ಎಲ್ಲರಿಗೂ ಥ್ಯಾಂಕ್ಸ್. ಸಿಜಿ ನೋಡಿ 2200 25ಸಿಯೇ ತರಿಸಿದೆ. ಡಬ್ಬಿಯಿಂದ ತೆಗೆದಾಗ ಸೆಲ್‌ಗಳು 3.84, 3.85, 3.71. ಬ್ಯಾಲೆನ್ಸ್ ಚಾರ್ಜ್ ಮಾಡಿದರೆ ಸರಿಹೋಗುತ್ತಾ?

ಬೆಸುಗೆಕಡ್ಡಿ

ಸಂಖ್ಯೆ ಸರಿಹೋಗುತ್ತೆ, ಸೆಲ್ ಸರಿಹೋಗಲ್ಲ. ಹೊಸ ಪ್ಯಾಕಲ್ಲಿ 0.02ರಷ್ಟು ಅಂತರ ಇರಬಹುದು, 0.14 ಅಂದರೆ ಆ ಸೆಲ್ ತಾನಾಗಿಯೇ ಸೋರ್ತಿರಬಹುದು. ಚಾರ್ಜ್ ಮಾಡಬೇಡಿ, ವೈರ್ ಕತ್ತರಿಸಬೇಡಿ, ಎರಡೂ ಮಾಡಿದರೆ ಅಂಗಡಿಯವರು ವಾಪಸ್ ತಗೊಳ್ಳೋದು ಕಷ್ಟ. ಮೀಟರಿನ ರೀಡಿಂಗ್ ಕಾಣೋ ಹಾಗೆ ಫೋಟೋ ತೆಗೆದು ಇವತ್ತೇ ಕಳಿಸಿ. ಬದಲಿ ಪ್ಯಾಕ್ ಬಂದಾಗಲೂ ಮೊದಲು ಮಲ್ಟಿಮೀಟರ್, ಆಮೇಲೆ ಚಾರ್ಜರ್.