ಪ್ಲಾಸ್ಮಾ ಕಂಡುಹಿಡಿದ ಡಾಕ್ಟರಿಗೇ ರಕ್ತ ಕೊಡಲಿಲ್ಲವಂತೆ, ನಿಜವಾ?

ಪ್ರಶ್ನೆ (ಸೇಡಂ):
ಹೋದ ವಾರ ಕಲಬುರಗಿಯಲ್ಲಿ ನಮ್ಮ ಅಕ್ಕನ ಹೆರಿಗೆ ಆಯಿತು. ರಕ್ತ ಬಹಳ ಹೋಯಿತು. ಎರಡು ಬಾಟಲಿ ರಕ್ತ ಏರಿಸಿದರು. ಆಮೇಲೆ ಹಳದಿ ನೀರಿನಂಥ ಪ್ಯಾಕೆಟ್ ಹಾಕಿದರು, ಪ್ಲಾಸ್ಮಾ ಅಂತೆ. ಈಗ ಅಕ್ಕ, ಕೂಸು ಇಬ್ಬರೂ ಆರಾಮ. ಇದನ್ನು ಕಂಡುಹಿಡಿದವರು ಅಮೆರಿಕದ ಡಾ. ಚಾರ್ಲ್ಸ್ ಡ್ರೂ, ಕಪ್ಪು ಜನಾಂಗದವರು ಅಂತ ಆಸ್ಪತ್ರೆಯವರು ರಕ್ತ ಕೊಡದೆ ಅವರು ಸತ್ತರು ಎಂದು ವಾಟ್ಸಾಪಿನಲ್ಲಿ ಓದಿದೆ. ಹೌದಾ?

ಉತ್ತರ (ಕಲಬುರಗಿ, ನಿವೃತ್ತ ಲ್ಯಾಬ್ ಟೆಕ್ನಿಷಿಯನ್):
ತಮ್ಮಾ, ಅಕ್ಕ ಆರಾಮ ಇದ್ದಾರೆ ಅಂತ ಓದಿ ಖುಷಿಯಾಯಿತು. ಪ್ಲಾಸ್ಮಾ ಡ್ರೂ ಕಂಡುಹಿಡಿದದ್ದಲ್ಲ, ಬ್ಲಡ್ ಬ್ಯಾಂಕ್ ಕೂಡ ಅವರೊಬ್ಬರಿಂದ ಆದದ್ದಲ್ಲ. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಎಂಬ ಲವಣ ಬೆರೆಸುವುದು 1914ರಲ್ಲೇ ಗೊತ್ತಿತ್ತು. ಬ್ಲಡ್ ಬ್ಯಾಂಕ್ ಎಂಬ ಹೆಸರು ಇಟ್ಟವರು ಷಿಕಾಗೋದ ಡಾಕ್ಟರ್ ಬರ್ನಾರ್ಡ್ ಫ್ಯಾಂಟಸ್, 1937ರಲ್ಲಿ. ಇಟ್ಟ ರಕ್ತ ಯಾಕೆ ಕೆಡುತ್ತದೆ ಎಂದು ಡ್ರೂ ದಿನದಿನಕ್ಕೂ ಅಳೆದು ನೋಡಿದರು. ಕೆಂಪು ಕಣಗಳಿಂದ ಪೊಟ್ಯಾಷಿಯಂ ಹೊರಗೆ ಸೋರುತ್ತದೆ. ಕಣ ತೆಗೆದು ಪ್ಲಾಸ್ಮಾ ಮಾತ್ರ ಇಟ್ಟರೆ ಜಾಸ್ತಿ ದಿನ ಬಾಳುತ್ತದೆ. 1940ರಲ್ಲಿ ಬ್ರಿಟನ್ನಿನ ಮೇಲೆ ಬಾಂಬ್ ಬೀಳುತ್ತಿದ್ದಾಗ ನ್ಯೂಯಾರ್ಕಿನಿಂದ ಪ್ಲಾಸ್ಮಾ ಕಳಿಸುವ ಕೆಲಸ ಅವರ ಉಸ್ತುವಾರಿಯಲ್ಲಿ ನಡೆಯಿತು. ಎಷ್ಟೋ ಆಸ್ಪತ್ರೆಗಳಲ್ಲಿ ತೆಗೆದ ರಕ್ತ, ಎಲ್ಲಕ್ಕೂ ಒಂದೇ ಪದ್ಧತಿ, ಒಂದೇ ತಪಾಸಣೆ. ನನಗೆ ಅವರ ದೊಡ್ಡ ಕೆಲಸ ಅದೇ ಅನಿಸುತ್ತದೆ.

ಯಾಕೆ ಅಂದರೆ ತೆಗೆದ ರಕ್ತವನ್ನು ಕೆಡದಂತೆ ಮುಟ್ಟಿಸುವುದೇ ಕಷ್ಟ. ಒಂದು ಏಪ್ರಿಲ್‌ನಲ್ಲಿ ಆಳಂದ ಕಡೆಯ ರಕ್ತದಾನ ಕ್ಯಾಂಪ್ ಮುಗಿಸಿ ಬರುವಾಗ ನಮ್ಮ ಜೀಪು ಕೆಟ್ಟಿತು. ನಮ್ಮ ಬಿಸಿಲು ಗೊತ್ತಲ್ಲ. ಪೆಟ್ಟಿಗೆಯ ಐಸೆಲ್ಲ ಕರಗಿತು. ಒಂಬತ್ತು ಬ್ಯಾಗ್ ಚೆಲ್ಲಬೇಕಾಯಿತು. ಕೊಟ್ಟವರಲ್ಲಿ ಒಬ್ಬ ಹುಡುಗ ಮೊದಲ ಸಲ ಕೊಟ್ಟಿದ್ದ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಉತ್ತರ (ಬೀದರ್, ಶಿಕ್ಷಕಿ):
ಸಾವಿನ ಆ ಕತೆ ಸುಳ್ಳು. 1950ರ ಏಪ್ರಿಲ್ 1ರಂದು ಉತ್ತರ ಕೆರೊಲಿನಾದಲ್ಲಿ ಅವರ ಕಾರು ಉರುಳಿತು. ಬಿಳಿಯ ಡಾಕ್ಟರುಗಳೇ ಚಿಕಿತ್ಸೆ ಕೊಟ್ಟರು, ಆದರೆ ಬದುಕಿ ಉಳಿಯುವಂಥ ಗಾಯ ಆಗಿರಲಿಲ್ಲ. 45 ವರ್ಷ ಅಷ್ಟೇ. ಆದರೆ ಭೇದಭಾವ ಸುಳ್ಳಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ರೆಡ್ ಕ್ರಾಸ್ ಕಪ್ಪು ಜನರ ರಕ್ತವನ್ನು ಬೇರೆ ಇಡುತ್ತಿತ್ತು. ಇದಕ್ಕೆ ವಿಜ್ಞಾನದ ಆಧಾರವೇ ಇಲ್ಲ ಎಂದು ಡ್ರೂ ಬಹಿರಂಗವಾಗಿ ಹೇಳಿದರು. ನಾನು ಮಕ್ಕಳಿಗೆ ಈ ಭಾಗವನ್ನು ತಪ್ಪದೆ ಹೇಳುತ್ತೇನೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಅಣ್ಣಾ, ಮೇಡಂ. ಅಕ್ಕನಿಗೆ ಯಾರದೋ ರಕ್ತ ಬಂತು, ನಾನೂ ಕೊಡಬೇಕು. ನನ್ನ ತೂಕ 51 ಕೆಜಿ. ಆಗುತ್ತದಾ?

ಕಲಬುರಗಿ:
45 ಕೆಜಿ ದಾಟಿದರೆ ಸಾಕು, 18 ವರ್ಷ ತುಂಬಿರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು. ಮೇ ತಿಂಗಳಲ್ಲಿ ಬಾ, ಕಾಲೇಜು ರಜೆ ಇರುವುದರಿಂದ ಆಗ ಕೊಡುವವರೇ ಸಿಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬರಬೇಡ.