ರಸ್ತೆ ಎತ್ತರಿಸಿದ ಮೇಲೆ ತೊಗರಿ ಹೊಲದಲ್ಲಿ ಮಳೆನೀರು ನಿಲ್ಲುತ್ತಿದೆ: ಹೊರಹಾಕುವುದು ಹೇಗೆ?

ಪ್ರಶ್ನೆ (ರೈತ, ಸೇಡಂ ತಾಲ್ಲೂಕು)

ನಮ್ಮದು ಆರು ಎಕರೆ ಎರೆ ಭೂಮಿ. ಹೊಲದ ಕೆಳಬದಿಯ ರಸ್ತೆಯನ್ನು ಎತ್ತರಿಸಿದ ಬಳಿಕ, ಮೇಲಿನ ಹೊಲಗಳಿಂದ ಇಳಿದು ಬರುವ ನೀರು ರಸ್ತೆಯ ಏರಿಗೆ ತಡೆದು, ಇರುವ ಒಂದೇ ಸಣ್ಣ ಮೋರಿಯಲ್ಲಿ ಸಾಗಲಾರದೆ ದಿನಗಟ್ಟಲೆ ನಿಲ್ಲುತ್ತದೆ. ನೀರು ನಿಂತ ಕಡೆಯ ತೊಗರಿ ಹಳದಿಯಾಗಿ ಒಣಗುತ್ತಿದೆ. ಹೊಲದ ಸುತ್ತ ಎತ್ತರದ ಬದು ಹಾಕಿ ಮೇಲಿನ ನೀರನ್ನೇ ತಡೆಯಿರಿ ಎಂದು ಕೆಲವರು ಹೇಳುತ್ತಿದ್ದಾರೆ. ಮೇಲಿನ ಹೊಲ ನಮ್ಮ ದೊಡ್ಡಪ್ಪನವರದು; ತಕರಾರು ಬೇಡ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ಕೃಷಿ ಅಧಿಕಾರಿ, ಕಲಬುರಗಿ)

ದಯವಿಟ್ಟು ಸುತ್ತ ಬದು ಹಾಕಬೇಡಿ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮಣ್ಣು ಮೊದಲ ಮಳೆಯನ್ನು ಪೂರ್ತಿ ಕುಡಿಯುತ್ತದೆ. ಆದರೆ ನೆನೆದು ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಕೆಳಗಿಳಿಯುವುದು ತೀರಾ ನಿಧಾನವಾಗುತ್ತದೆ. ಆದ್ದರಿಂದಲೇ ಕೆಂಪು ಮಣ್ಣಿಗೆ ಒಗ್ಗುವ ಸಮಪಾತಳಿ ಬದು (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕುವ ಬದು) ಇಲ್ಲಿ ನೀರನ್ನು ಹಿಡಿದಿಟ್ಟು ಬೆಳೆಯನ್ನು ಕೊಳೆಸುತ್ತದೆ, ಜೋರು ಮಳೆಗೆ ಒಡೆದೂ ಹೋಗುತ್ತದೆ. ನಮ್ಮ ಭೂಮಿಗೆ ಬೇಕಾದದ್ದು ನೂರು ಮೀಟರಿಗೆ ಸುಮಾರು 20ರಿಂದ 40 ಸೆಂ.ಮೀ. ಇಳಿಯುವ, ನೀರನ್ನು ನಿಧಾನವಾಗಿ ಒಂದು ಬದಿಗೆ ಒಯ್ಯುವ ಇಳಿಜಾರು ಬದು.

ಹೊಲದೊಳಗೆ, ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯು ಎರೆ ಭೂಮಿಗೆಂದೇ ಬಳಕೆಗೆ ತಂದ ಏರುಮಡಿ ಪದ್ಧತಿಯನ್ನು ಅನುಸರಿಸಿರಿ: ಸುಮಾರು ಒಂದು ಮೀಟರ್ ಅಗಲದ ಮಡಿಯ ಮೇಲೆ ಬಿತ್ತನೆ, ಪಕ್ಕದಲ್ಲಿ ಅರ್ಧ ಮೀಟರಿನ ಸಾಲು. ಮಳೆ ಕಡಿಮೆಯಾದಾಗ ಮಡಿಯಲ್ಲಿ ತೇವ ಉಳಿಯುತ್ತದೆ, ಹೆಚ್ಚಾದಾಗ ಸಾಲಿನಲ್ಲಿ ನೀರು ಬಸಿಯುತ್ತದೆ. ಸಾಲುಗಳೆಲ್ಲ ಹುಲ್ಲು ಬೆಳೆಸಿದ ಒಂದು ಬಸಿಗಾಲುವೆಗೆ ಸೇರಲಿ. ಬರಿ ಮಣ್ಣಿನ ಕಾಲುವೆ ಕೊರೆದು ಕಂದಕವಾಗುತ್ತದೆ.

ಇನ್ನೊಂದು ಮಾತು. ಒಣಗಿದ ಗಿಡಗಳನ್ನೆಲ್ಲ ನೆಟೆ ರೋಗವೆಂದು (ಗಿಡ ಸೊರಗಿ ಒಣಗುವ ರೋಗ) ತಿಳಿಯಬೇಡಿ. ನೀರು ನಿಂತಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ, ಜೊತೆಗೆ ಫೈಟಾಫ್ತೊರಾ ಎಂಬ ಕಾಂಡದ ಅಂಗಮಾರಿ ತಗಲುತ್ತದೆ. ನೆಟೆ ರೋಗಕ್ಕೆ ಕಾರಣವಾದ ಫ್ಯುಜೇರಿಯಂ ಶಿಲೀಂಧ್ರವೇ ಬೇರೆ, ಅದಕ್ಕೆ ನಿರೋಧಕ ತಳಿ ಬಿತ್ತಿದರೂ ನಿಂತ ನೀರಿನ ಸಮಸ್ಯೆ ತೀರುವುದಿಲ್ಲ.

ಉತ್ತರ 2 (ಸಿವಿಲ್ ಇಂಜಿನಿಯರ್, ಬೀದರ್)

ಹಿಂದಿನ ಉತ್ತರ ಸರಿಯಾಗಿದೆ, ಆದರೆ ಮೋರಿ ಸಣ್ಣದಿರುವ ತನಕ ಬಸಿಗಾಲುವೆ ತಂದ ನೀರು ರಸ್ತೆಯ ಬಳಿಯೇ ನಿಲ್ಲುತ್ತದೆ. ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಎರಡು ಲಕ್ಷ ಲೀಟರ್; ನೆನೆದ ಎರೆ ಮಣ್ಣಿನಲ್ಲಿ ಅದರ ದೊಡ್ಡ ಪಾಲು ಹರಿದು ಬರುತ್ತದೆ. ಹಾಗಾಗಿ ಮೋರಿಯ ಅಳತೆಯನ್ನು ನಿಮ್ಮ ಆರು ಎಕರೆಯಿಂದಲ್ಲ, ಅಲ್ಲಿಗೆ ನೀರು ಹರಿಸುವ ಮೇಲಿನ ಎಲ್ಲ ಹೊಲಗಳ ವಿಸ್ತೀರ್ಣದಿಂದ ಲೆಕ್ಕ ಹಾಕಬೇಕು. ಅದೇ ಇಳಿಜಾರಿನಲ್ಲಿ ಒಂದು ಅಡಿ ವ್ಯಾಸದ ಪೈಪಿನ ಬದಲು ಎರಡು ಅಡಿಯದನ್ನು ಕೂಡಿಸಿದರೆ ಸುಮಾರು ಆರು ಪಟ್ಟು ನೀರು ಸಾಗುತ್ತದೆ. ಪೈಪಿನ ತಳವನ್ನು ಹಳ್ಳದ ತಳಕ್ಕೆ ಸರಿಯಾಗಿ ಇಡಿಸಿರಿ. ಎತ್ತರದಲ್ಲಿಟ್ಟರೆ ಅದರ ಕೆಳಗಿನ ನೀರು ಹೊಲದಲ್ಲೇ ಉಳಿಯುತ್ತದೆ. ಮಳೆ ಬರುವಾಗ ನೀರಿನ ಮಟ್ಟದ ಫೋಟೊ ತೆಗೆದು ಅರ್ಜಿಯೊಂದಿಗೆ ಗ್ರಾಮ ಪಂಚಾಯಿತಿಗೂ ರಸ್ತೆ ನಿರ್ವಹಿಸುವ ಇಲಾಖೆಗೂ ಕೊಡಿ.

ಉತ್ತರ 3 (ವಕೀಲ, ಕಲಬುರಗಿ)

ಮೇಲಿನ ಹೊಲದಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ಹೊಲಕ್ಕೆ ಹರಿಯುವುದನ್ನು 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ 7ನೇ ಕಲಮಿನ ಉದಾಹರಣೆಗಳು ಮೇಲಿನ ಒಡೆಯನ ಹಕ್ಕಿಗೆ ನಿದರ್ಶನವಾಗಿ ಹೇಳುತ್ತವೆ. ಅಂದರೆ ನೀವು ಎತ್ತರದ ಬದು ಹಾಕಿದರೆ ತಕರಾರಿಗೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಅದಕ್ಕಿಂತ ಗ್ರಾಮ ನಕಾಶೆ ತೆಗೆಸಿ, ರಸ್ತೆಯ ಆಚೆ ಹಳ್ಳ ಅಥವಾ ನಾಲಾ ಗುರುತಾಗಿದೆಯೇ ಎಂದು ನೋಡಿರಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಮಿನ ಪ್ರಕಾರ ಯಾರ ಖಾಸಗಿ ಸ್ವತ್ತೂ ಅಲ್ಲದ ಹಳ್ಳ, ನಾಲೆಗಳು ಸರ್ಕಾರದವು. ಯಾರಾದರೂ ಉತ್ತು ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ತೆರವುಗೊಳಿಸಲು ಕೇಳಬಹುದು. ದೊಡ್ಡಪ್ಪನವರನ್ನೂ ಅರ್ಜಿಯಲ್ಲಿ ಸೇರಿಸಿಕೊಳ್ಳಿ. ಅವರ ಹೊಲದ ನೀರಿಗೂ ಇದೇ ದಾರಿ.