ವರದಿಯಲ್ಲಿ ‘ಐಎನ್‌ಐ1 ಲಾಸ್’: ಮುಂದಿನ ಮಗುವಿಗೂ ಬರುತ್ತದೆಯೇ?

ಪ್ರಶ್ನೆ: ಎರಡು ವರ್ಷದ ಮಗುವಿನ ಮೆದುಳಿನ ಗೆಡ್ಡೆ ಎಟಿಆರ್‌ಟಿ (ಚಿಕ್ಕ ಮಕ್ಕಳಲ್ಲಿ ಬರುವ, ಬೇಗ ಬೆಳೆಯುವ ಒಂದು ಬಗೆಯ ಮೆದುಳಿನ ಕ್ಯಾನ್ಸರ್) ಎಂದು ಬಯಾಪ್ಸಿಯಲ್ಲಿ ಬಂದಿದೆ. ‘ಐಎನ್‌ಐ1 ಲಾಸ್’ ಎಂದೂ ಬರೆದಿದ್ದಾರೆ. ಇದು ಜೀನ್ ದೋಷವೇ? ವಂಶದಲ್ಲಿ ಇಳಿದು ಬರುವಂಥದ್ದೇ?

ಉತ್ತರ, ನ್ಯೂರೋಪೆಥಾಲಜಿ: ಜೀನ್ ದೋಷ ಹೌದು, ವಂಶದ್ದೋ ಅಲ್ಲವೋ ಈ ವರದಿಯಿಂದ ಗೊತ್ತಾಗುವುದಿಲ್ಲ. 22ನೇ ಕ್ರೋಮೋಸೋಮಿನ ಎಸ್‌ಎಂಎಆರ್‌ಸಿಬಿ1 ಜೀನ್ ತಯಾರಿಸುವ ಪ್ರೋಟೀನೇ ಐಎನ್‌ಐ1; ‘ಲಾಸ್’ ಎಂದರೆ ಗೆಡ್ಡೆಯ ಕೋಶಗಳಲ್ಲಿ ಅದು ಕಾಣುತ್ತಿಲ್ಲ ಎಂದರ್ಥ. ಸುತ್ತಿಟ್ಟ ಡಿಎನ್‌ಎಯನ್ನು ಸಡಿಲಿಸಿ ಬೇಕಾದ ಜೀನ್‌ಗಳನ್ನು ತೆರೆಯುವ ಪ್ರೋಟೀನ್ ತಂಡದಲ್ಲಿ ಅದೂ ಒಂದು. ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಕೋಶ ಬಲಿಯದೆ ವಿಭಜನೆಯಾಗುತ್ತಲೇ ಇರುತ್ತದೆ. ಈ ಗೆಡ್ಡೆಯಲ್ಲಿ ಬೇರೆ ಮ್ಯುಟೇಶನ್‌ಗಳು (ಜೀನ್ ಬದಲಾವಣೆಗಳು) ತೀರಾ ಕಡಿಮೆ. ಬಹುಪಾಲು ಈ ಒಂದೇ ಜೀನ್ ಕೆಟ್ಟರೆ ಸಾಕು. ಅಪರೂಪಕ್ಕೆ ಐಎನ್‌ಐ1 ಸರಿಯಿದ್ದು ಅದೇ ತಂಡದ ಇನ್ನೊಂದು ಜೀನ್ ಎಸ್‌ಎಂಎಆರ್‌ಸಿಎ4 ಕೆಟ್ಟಿರುತ್ತದೆ.

ಸ್ಲೈಡ್ ಮರುಪರಿಶೀಲನೆಗೆ ಕಳಿಸುವುದಾದರೆ ಒಂದು ಮಾತು. ಐಎನ್‌ಐ1 ಇರುವ ಕೋಶಕ್ಕೆ ಸ್ಟೈನ್ (ಪರೀಕ್ಷೆಯ ಬಣ್ಣ) ಕಂದು ಬಣ್ಣ ಕೊಡುತ್ತದೆ. ಗೆಡ್ಡೆಯ ಕೋಶಗಳ ನ್ಯೂಕ್ಲಿಯಸ್ ನೀಲಿಯಾಗಿಯೇ ಉಳಿದಿರಬೇಕು, ಅದೇ ತುಣುಕಿನ ರಕ್ತನಾಳದ ಒಳಪದರದ ಕೋಶಗಳೂ ಲಿಂಫೋಸೈಟ್‌ಗಳೂ (ಒಂದು ಬಗೆಯ ಬಿಳಿ ರಕ್ತಕಣ), ಅಂದರೆ ಗೆಡ್ಡೆಯದಲ್ಲದ ಕೋಶಗಳು, ಕಂದು ಬಣ್ಣ ಹಿಡಿದಿರಬೇಕು. ಅವೂ ಕಂದಾಗದಿದ್ದರೆ ಸ್ಟೈನ್ ಕೈಕೊಟ್ಟಿದೆ ಎಂದರ್ಥ. ಫಾರ್ಮಲಿನ್‌ನಲ್ಲಿ ಅತಿಯಾಗಿ ಇಟ್ಟ ತುಣುಕಿಗೆ ಹೀಗಾಗುವುದುಂಟು. ಅಂಥ ಸ್ಲೈಡ್ ಮೇಲೆ ‘ಲಾಸ್’ ಎನ್ನಬಾರದು.

ಮರುಪ್ರಶ್ನೆ: ಗೆಡ್ಡೆಯ ಡಿಎನ್‌ಎಯಲ್ಲೇ ಮ್ಯುಟೇಶನ್ ಸಿಕ್ಕಿದೆ. ಮತ್ತೆ ರಕ್ತಪರೀಕ್ಷೆ ಯಾಕೆ?

ಉತ್ತರ, ಜೆನೆಟಿಕ್ ಕೌನ್ಸೆಲಿಂಗ್: ದೋಷ ಗೆಡ್ಡೆಯಲ್ಲಿ ಮಾತ್ರ ಇದೆಯೋ, ಮಗುವಿನ ಮೈಯ ಕೋಶಗಳಲ್ಲೆಲ್ಲ ಇದೆಯೋ ತಿಳಿಯಲು. ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ. ಬರೀ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವ ಪರೀಕ್ಷೆ) ಸಾಲದು. ಈ ಜೀನಿನ ಒಂಬತ್ತು ಎಕ್ಸಾನ್‌ಗಳಲ್ಲಿ (ಜೀನಿನ ತುಂಡುಗಳಲ್ಲಿ) ಒಂದು ಇಡಿಯಾಗಿ ಬಿಟ್ಟುಹೋಗಿದ್ದರೆ ಸೀಕ್ವೆನ್ಸಿಂಗ್ ಕಣ್ಣಿಗೆ ಬೀಳದೇ ಇರಬಹುದು, ಆದ್ದರಿಂದ ಬಿಟ್ಟುಹೋದ ತುಂಡನ್ನು ಪತ್ತೆಹಚ್ಚುವ ಎಂಎಲ್‌ಪಿಎ ಥರದ ಡಿಲೀಶನ್ ಪರೀಕ್ಷೆಯನ್ನೂ ಕೇಳಿ. ಗೆಡ್ಡೆಯಲ್ಲಿ ಸಿಕ್ಕಿದ ಮ್ಯುಟೇಶನ್‌ನ ವಿವರವನ್ನು ರಕ್ತದ ಮಾದರಿಯ ಜೊತೆಗೇ ಕಳಿಸಿ. ಲ್ಯಾಬ್‌ಗೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ.

ರಕ್ತದಲ್ಲೂ ಸಿಕ್ಕರೆ ತಂದೆತಾಯಿಯರ ಪರೀಕ್ಷೆ. ಹೆಚ್ಚಿನ ಸಲ ಇಬ್ಬರದೂ ನೆಗೆಟಿವ್ ಬರುತ್ತದೆ. ಅಲ್ಲಿಗೆ ಅಪಾಯ ಮುಗಿಯಿತೆಂದು ಮಾತ್ರ ತಿಳಿಯಬೇಡಿ: ಅಂಡಾಣು ಅಥವಾ ವೀರ್ಯಾಣುಗಳ ಒಂದು ಪಾಲಿನಲ್ಲಿ ಮಾತ್ರ ದೋಷವಿದ್ದರೆ ರಕ್ತದಲ್ಲಿ ಕಾಣದು, ಮುಂದಿನ ಮಗುವಿಗೆ ಬರಬಹುದು. ಗರ್ಭಾವಸ್ಥೆಯಲ್ಲಿ ಪರೀಕ್ಷಿಸುವ ದಾರಿ ಇದೆ. ಈ ಮಗುವಿನ ಮೂತ್ರಪಿಂಡದಲ್ಲೂ ಇಂಥದೇ ಗೆಡ್ಡೆ ಏಳಬಹುದಾದ್ದರಿಂದ ಹೊಟ್ಟೆಯ ಅಲ್ಟ್ರಾಸೌಂಡ್ ಬಿಡಬೇಡಿ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ.

ಮರುಪ್ರಶ್ನೆ: ಈ ಮ್ಯುಟೇಶನ್‌ಗೇ ಗುರಿಯಿಟ್ಟ ಔಷಧ ಇದೆಯೇ?

ಉತ್ತರ, ನ್ಯೂರೋಪೆಥಾಲಜಿ: ಅತಿಯಾಗಿ ಕೆಲಸ ಮಾಡುವ ಪ್ರೋಟೀನನ್ನು ಔಷಧ ತಡೆಯಬಲ್ಲದು. ಇಲ್ಲಿ ಪ್ರೋಟೀನೇ ಇಲ್ಲ, ತಡೆಯುವುದೇನನ್ನು? ಐಎನ್‌ಐ1 ಇಲ್ಲದಾಗ ಲಗಾಮು ತಪ್ಪುವ ಇಜಡ್‌ಎಚ್2 ಕಿಣ್ವವನ್ನು ತಡೆಯುವ ಟಾಜೆಮೆಟೊಸ್ಟಾಟ್ ಪ್ರಯೋಗ ನಡೆದಿದೆ, ಆದರೆ ಎಟಿಆರ್‌ಟಿಗೆ ಅದಿನ್ನೂ ಸ್ಥಾಪಿತ ಚಿಕಿತ್ಸೆಯಲ್ಲ. ಶಸ್ತ್ರಚಿಕಿತ್ಸೆ, ಕಿಮೊ ಅದಕ್ಕಾಗಿ ಕಾಯಬಾರದು.